ಕಂದಾಯದ ರಸೀದಿ ಇಲ್ಲದವರ ಊರು

ಊರು ಉದ್ಧಾರ ಆಗ್ತದೆ ಅಂತ ಯಾರಾದರೂ ಹೇಳಿದಾಗ ನಮ್ಮ ಜನ ಮೊದಲು ಕೇಳಬೇಕಾದ ಪ್ರಶ್ನೆ ಇದು: ರಸೀದಿ ಯಾರ ಹೆಸರಲ್ಲಿದೆ? ರಸ್ತೆ ಅಗಲ ಮಾಡುವವರು, ಕೇರಿ ಕೀಳುವವರು, ಬಡಾವಣೆಗೆ ಕಲ್ಲು ನೆಡುವವರು, ಎಲ್ಲರೂ ಒಂದು ಪುಸ್ತಕ ಹಿಡಿದೇ ಬರುತ್ತಾರೆ. ಅದು ಕಂದಾಯದ ಪುಸ್ತಕ. ಅದರಲ್ಲಿ ಹೆಸರಿದ್ದವನು ಮಾಲೀಕ. ಅವನಿಗೆ ನೋಟೀಸು, ಅವನಿಗೆ ತಕರಾರು ಹೇಳುವ ಹಕ್ಕು, ಅವನಿಗೆ ಪರಿಹಾರ. ಹೆಸರಿಲ್ಲದವನು ಮೂವತ್ತು ವರ್ಷ ಅಲ್ಲೇ ಮಲಗಿ ಎದ್ದಿದ್ದರೂ ಒತ್ತುವರಿದಾರ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಗುಡ್ಡಗಳಲ್ಲಿ ಈ ಪುಸ್ತಕ ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂಬುದನ್ನು ನೋಡಬೇಕಾಗಿದೆ. ಈ ಸೀಮೆಯ ಚರಿತ್ರೆ ಬರೆದವರು ಬಾಬಾ ಬುಡನ್ ತಂದ ಬೀಜದ ಕತೆ ಹೇಳಿದರು, ದೊರೆಗಳ ಹುಲಿ ಬೇಟೆಯ ಕತೆ ಹೇಳಿದರು. ಗಿಡ ನೆಟ್ಟವನು ಮಳೆಗಾಲದ ರಾತ್ರಿ ಎಲ್ಲಿ ಮಲಗಿದ ಅನ್ನೋದನ್ನ ಮಾತ್ರ ಅವರು ಕೇಳಲಿಲ್ಲ.

1830ರ ಸುಮಾರಿಗೆ ಕ್ಯಾನನ್ ಎಂಬ ದೊರೆ ಬಾಬಾ ಬುಡನ್ ಗಿರಿಯ ತೆಂಕಣ ಸಾಲಿನಲ್ಲಿ ತೋಟ ಹಾಕಿದ. ಅವನ ಹಿಂದೆ ಇನ್ನಷ್ಟು ದೊರೆಗಳು ಬಂದರು, ಊರಿನ ಗೌಡರು, ಸಾಹುಕಾರರೂ ಕಾಡು ಕಡಿದು ಕಾಫಿಗೆ ಇಳಿದರು. ಸರ್ಕಾರ ಆಗ ವಸೂಲು ಮಾಡುತ್ತಿದ್ದುದು ಹಲತ್ತು, ಅಂದರೆ ಬೆಳೆದ ಕಾಫಿಯ ಮಣಕ್ಕೆ ಇಷ್ಟು ಅಂತ. 19ನೇ ಶತಮಾನ ಮುಗಿಯುವ ಹೊತ್ತಿಗೆ ಅದು ಹೋಗಿ ಎಕರೆಗೆ ಇಷ್ಟು ಎಂಬ ಕಂದಾಯ ಬಂತು. ಇದು ಬರೀ ಲೆಕ್ಕದ ಬದಲಾವಣೆಯಲ್ಲ. ಬೆಳೆಯ ಮೇಲಿನ ತೆರಿಗೆ ನೆಲದ ಮೇಲಿನ ತೆರಿಗೆಯಾದ ಕೂಡಲೇ ತೆರಿಗೆ ಕಟ್ಟಿದ ಚೀಟಿಯೇ ನೆಲದ ಹಕ್ಕಿನ ಚೀಟಿಯಂತೆ ನಡೆಯತೊಡಗಿತು. ಕಾಡು ಯಾರದ್ದಾಗಿತ್ತು ಅಂತ ಯಾರೂ ಕೇಳಲಿಲ್ಲ. ಕಂದಾಯ ಯಾರು ಕಟ್ಟಿದರು ಅಂತ ಕೇಳಿದರು.

ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದ, ಬಯಲುಸೀಮೆಯ ಹೊಲಗೇರಿ ಮಾದಿಗರಹಟ್ಟಿಗಳಿಂದ, ತಮಿಳು ನಾಡಿನಿಂದ ಜನ ಬಂದರು. ಬಂದರು ಅನ್ನೋದಕ್ಕಿಂತ ಮುಂಗಡ ಕೊಟ್ಟು ತರಲಾಯಿತು ಅನ್ನಬೇಕು. 1859ರ ಕರಾರು ಭಂಗ ಕಾಯ್ದೆಯ ಪ್ರಕಾರ ಮುಂಗಡ ತಿಂದು ತೋಟ ಬಿಟ್ಟು ಹೋದವನು ಅಪರಾಧಿ. ಮೇಸ್ತ್ರಿಯ ಕೈಯಲ್ಲಿ ಸಾಲದ ಚೀಟಿ, ರೈಟರ ಕೈಯಲ್ಲಿ ಹಾಜರಿ ಪುಸ್ತಕ. ನಮ್ಮವರ ಹೆಸರು ಬರೆದದ್ದು ಈ ಎರಡು ಕಡೆ ಮಾತ್ರ. ಮಲಗಲು ಕೊಟ್ಟದ್ದು ಲೈನ್ ಮನೆ, ಒಂದೇ ಮಾಡಿನ ಕೆಳಗೆ ಸಾಲಾಗಿ ಕೋಣೆಗಳು. ಆ ಕೋಣೆ ಕೆಲಸದ ಜೊತೆಗೆ ಬರುತ್ತದೆ, ಕೆಲಸದ ಜೊತೆಗೆ ಹೋಗುತ್ತದೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂದಾಗ ಮಾಲೀಕನೇ ಮನೆ ಕಟ್ಟಿಕೊಡಬೇಕು ಎಂದು ಬರೆದರು. ಒಳ್ಳೆಯದೇ. ಆದರೆ ಅದು ಮೊದಲಿಗೆ ಅನ್ವಯಿಸಿದ್ದು 25 ಎಕರೆ ಮತ್ತು 30 ಆಳು ಇದ್ದ ತೋಟಗಳಿಗೆ. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರು, 15 ಆಳಿಗೆ ಇಳಿಸಿತು. ಅದಕ್ಕಿಂತ ಸಣ್ಣ ತೋಟದ ಆಳಿಗೆ ಆ ಹಕ್ಕೂ ಇರಲಿಲ್ಲ. ಹಕ್ಕಿದ್ದ ಕಡೆಯೂ ಅದು ಇರುವ ಹಕ್ಕೇ ಹೊರತು ಇಟ್ಟುಕೊಳ್ಳುವ ಹಕ್ಕಲ್ಲ. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ಅವುಗಳೊಳಗೆ ಸೇರಿಹೋಯಿತು. ಕೋಣೆ ಮಾತ್ರ ಇಂದಿಗೂ ಮಾಲೀಕನ ಹೆಸರಲ್ಲೇ ಇದೆ.

ಇನ್ನು 1974ರ ಭೂಸುಧಾರಣೆ. ಉಳುವವನೇ ಹೊಲದೊಡೆಯ ಅಂತ ದೇವರಾಜ ಅರಸರ ಕಾಲದಲ್ಲಿ ನಾಡೆಲ್ಲ ಮೊಳಗಿತಲ್ಲ, ಆ ದನಿ ಘಟ್ಟ ಹತ್ತಲಿಲ್ಲ. ಭೂಸುಧಾರಣಾ ಕಾಯ್ದೆಯ 104ನೇ ಕಲಮು ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳನ್ನು ಹೊರಗಿಟ್ಟಿತ್ತು. ಬಯಲಿನ ಗೇಣಿದಾರನಿಗೆ ಡಿಕ್ಲರೇಶನ್ ಹಾಕಲು ಒಂದು ಫಾರಂ ಆದರೂ ಸಿಕ್ಕಿತು. ತೋಟದ ಆಳಿಗೆ ಅದೂ ಸಿಗಲಿಲ್ಲ. ಮೂಡಿಗೆರೆ ಮೀಸಲು ಕ್ಷೇತ್ರವಾಯಿತು, ನಮ್ಮವರು ಶಾಸಕರಾದರು, ಮಂತ್ರಿಗಳೂ ಆದರು. ವೋಟು ಬಂತು, ಖಾತೆ ಬರಲಿಲ್ಲ. ಈ ಎರಡರ ನಡುವಿನ ಅಂತರವೇ ನಮ್ಮ ಜಿಲ್ಲೆಯ ರಾಜಕೀಯ.

ಈಗ ಪೇಟೆಗೆ ಬರೋಣ. 1865ರಲ್ಲಿ ಜಿಲ್ಲೆಯ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಬಂತು. ಜಿಲ್ಲೆಯ ಹೆಸರು 1947ರ ತನಕ ಕಡೂರು ಜಿಲ್ಲೆ ಅಂತಲೇ ಇತ್ತು. ಕಚೇರಿ ಬಂದ ಮೇಲೆ ವಕೀಲರು, ಗುಮಾಸ್ತರು, ಕಾಫಿ ವ್ಯಾಪಾರಿಗಳು ಬಂದರು. ಕೋಟೆ ಒಂದು ಕಡೆ, ಬಸವನಹಳ್ಳಿ ಒಂದು ಕಡೆ, ನಡುವೆ ಪೇಟೆ ಬೆಳೆಯಿತು. ಪುರಸಭೆ ಬಂತು, ದೀಪ ಬಂತು, ಮೋರಿ ಬಂತು. ಮೋರಿ ತೊಳೆಯಲು, ಕಕ್ಕಸು ಬಳಿಯಲು ಜನ ಬೇಕಲ್ಲ, ಅವರನ್ನು ತಂದು ಊರಂಚಿನಲ್ಲಿ ಇಟ್ಟರು. ಸಂಸ್ಥಾನದ ಕಾಲದ ಪುರಸಭೆಗಳಲ್ಲಿ ವೋಟು ಇದ್ದದ್ದು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ, ಓದಿದವರಿಗೆ. ಪೇಟೆಯ ಹೊಲಸು ಹೊತ್ತವನು ಪೇಟೆಯ ನಿವಾಸಿಯೇ ಅಲ್ಲ. ಗಣರಾಜ್ಯ ಬಂದು ವಯಸ್ಕರೆಲ್ಲರಿಗೂ ಮತ ಬರುವ ತನಕ ಇದೇ ಕಾನೂನು.

ನಗರ ಸುಧಾರಣೆ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಬಲ ಬಂದದ್ದು ಪ್ಲೇಗಿನಿಂದ. ಮುಂಬಯಿಯಲ್ಲಿ 1898ರಲ್ಲಿ ಸುಧಾರಣಾ ಟ್ರಸ್ಟ್ ಕಟ್ಟಿದರು, ಬಡವರ ಮನೆಗಳನ್ನು ಕೆಡವಿದರು. ಕೆಡವಿದಷ್ಟನ್ನು ಮತ್ತೆ ಕಟ್ಟಿಕೊಡಲಿಲ್ಲ. ಬೆಂಗಳೂರಿಗೂ ಅದೇ ವರ್ಷ ಪ್ಲೇಗು ಬಂತು, ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕು ಬೇಕು ಅಂತ ಹಾಕಿದ ಆ ಬಡಾವಣೆಗಳ ನಕಾಶೆಯಲ್ಲಿ ಜಾತಿಗೊಂದು ಭಾಗ ಗೊತ್ತುಮಾಡಿದ್ದರು. ಗಾಳಿಗೂ ಜಾತಿ! 1903ರಲ್ಲಿ ಮೈಸೂರಿಗೆ, 1945ರಲ್ಲಿ ಬೆಂಗಳೂರಿಗೆ ಸುಧಾರಣಾ ಮಂಡಳಿಗಳು ಬಂದವು. 1987ರ ಕಾಯ್ದೆ ಅದೇ ಮಾದರಿಯನ್ನು ಜಿಲ್ಲಾ ಕೇಂದ್ರಗಳಿಗೂ ತಂದಿತು. ಚಿಕ್ಕಮಗಳೂರಿನ ನಗರಾಭಿವೃದ್ಧಿ ಪ್ರಾಧಿಕಾರ ನಡೆಯುವುದು ಅದರ ಅಡಿಯಲ್ಲೇ. ನಿವೇಶನಗಳಲ್ಲಿ ನಮಗೂ ಮೀಸಲು ಇದೆ ಅಂತಾರೆ. ಇದೆ, ಇಲ್ಲ ಅಂದವರಾರು? ದಿನಗೂಲಿಯವನು ಅದರ ಕಂತು ಎಲ್ಲಿಂದ ತರಬೇಕು ಅನ್ನೋದಕ್ಕೆ ಅರ್ಜಿಯಲ್ಲಿ ಜಾಗ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾವು ಪೇಟೆಯ ಶತ್ರುಗಳಲ್ಲ, ಅಗಲ ರಸ್ತೆಯ ಶತ್ರುಗಳೂ ಅಲ್ಲ. ಹಳ್ಳಿಯೇ ಭಾರತದ ಆತ್ಮ ಅಂತ ಹಾಡುವವರಿಗೆ 1948ರಲ್ಲೇ ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಹೊಲಗೇರಿಯಿಂದ ತಪ್ಪಿಸಿಕೊಂಡವನಿಗೆ ಪೇಟೆ ಒಂದು ಉಸಿರು. ಊರ ಸುಧಾರಣೆ ನಮ್ಮದೂ ಆಗಬಹುದು ಅನ್ನೋದಕ್ಕೆ ಸಾಕ್ಷಿಯೂ ಇದೆ. 1972ರ ಅರಸು ಮಂತ್ರಿಮಂಡಲದಲ್ಲಿ ಪೌರಾಡಳಿತ ನೋಡಿಕೊಂಡ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. ಪುರಸಭೆಯ ದುಡ್ಡು, ಪುರಸಭೆಯ ಕಾನೂನು ಆ ಹೊತ್ತು ಮನುಷ್ಯನ ಕಡೆ ತಿರುಗಿತ್ತು. ಅವರನ್ನು 1973ರ ಬೂಸಾ ಗಲಾಟೆಯಲ್ಲಿ ಕುರ್ಚಿಯಿಂದ ಇಳಿಸಿದರು. ಸಾಹಿತ್ಯದ ಬಗ್ಗೆ ಆಡಿದ ಮಾತಿಗೆ ಇಳಿಸಿದ್ದು ಅಂತ ಹೇಳ್ತಾರೆ. ಸಿಟ್ಟೆಲ್ಲ ಬರೀ ಸಾಹಿತ್ಯದ್ದೇ ಆಗಿತ್ತು ಎಂದು ನಮಗೆ ಅನ್ನಿಸಿಲ್ಲ. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಲೆಕ್ಕ ಹಾಕಿಕೊಟ್ಟಿತು. ಹಳೆಯ ಕೊಳಚೆ ನಿರ್ಮೂಲನ ಮಂಡಳಿ ಆಮೇಲೆ ಕೊಳಚೆ ಅಭಿವೃದ್ಧಿ ಮಂಡಳಿ ಆಯಿತು. ಹೆಸರು ಬದಲಾದದ್ದೂ ಹೋರಾಟದಿಂದಲೇ. ಆದರೂ 1973ರ ಕಾಯ್ದೆಯ ನೆತ್ತಿಯ ಮೇಲೆ 'ನಿರ್ಮೂಲನ' ಎಂಬ ಮಾತು ಹಾಗೇ ಕೂತಿದೆ.

ನಮ್ಮ ಗುಡ್ಡಗಳಲ್ಲೇ ಒಂದು ಪೇಟೆ ಪೂರ್ತಿ ಹುಟ್ಟಿ ಪೂರ್ತಿ ಖಾಲಿಯಾದ ಕತೆ ಕುದುರೆಮುಖದ್ದು. 1975ರಲ್ಲಿ ಇರಾನಿನ ಜೊತೆ ಒಪ್ಪಂದವಾಯಿತು, 1976ರ ಏಪ್ರಿಲ್‌ನಲ್ಲಿ ಕಂಪನಿ ಶುರುವಾಯಿತು. ಭದ್ರೆಯ ದಂಡೆಯ ಮಲ್ಲೇಶ್ವರ ಎಂಬ ಹಳ್ಳಿಯ ಜಾಗದಲ್ಲಿ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಅಂಗಡಿ ಸಾಲು ಎದ್ದವು. ಲಖ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಿ ಗಣಿಯ ಕೆಸರು ತುಂಬಿದರು. ಅದಿರಿನ ರಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿತು. 1979ರಲ್ಲಿ ಇರಾನಿನ ದೊರೆ ಓಡಿಹೋದ, ಅಲ್ಲಿಂದ ಬರಬೇಕಾದ ದುಡ್ಡು ನಿಂತಿತು, ಗಣಿ ನಿಲ್ಲಲಿಲ್ಲ. ಪೇಟೆಗೆ ನೋಟಿಫೈಡ್ ಏರಿಯಾ ಎಂಬ ಪಟ್ಟ ಸಿಕ್ಕಿತು. ಅಲ್ಲಿ ಮನೆ ಕಂಪನಿಯದು, ರಸ್ತೆ ಕಂಪನಿಯದು, ದೀಪ ಕಂಪನಿಯದು. ಇಡೀ ಪೇಟೆಯೇ ಒಂದು ದೊಡ್ಡ ಲೈನ್ ಮನೆ! ವ್ಯತ್ಯಾಸ ಇಷ್ಟೇ: ಇಂಜಿನಿಯರನೂ ಲೈನ್ ಮನೆಯಲ್ಲೇ ಇದ್ದ, ಅದು ಅವನಿಗೆ ಗೊತ್ತಿರಲಿಲ್ಲ.

1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ ಎಂದಾಯಿತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು 2005ರ ಕೊನೆಗೆ ಗಣಿ ಮುಚ್ಚಬೇಕೆಂದು ತೀರ್ಪು ಕೊಟ್ಟಿತು. ತೀರ್ಪು ಸರಿ. ಭದ್ರೆಯ ನೀರು ಕುಡಿಯುವ ಯಾರೂ ಅದನ್ನು ತಪ್ಪು ಅನ್ನಲಾರರು. ಆದರೆ ಮುಚ್ಚುವಾಗ ಲೆಕ್ಕ ಹೇಗೆ ಆಯಿತು ನೋಡಿ. ಖಾಯಂ ನೌಕರನಿಗೆ ವರ್ಗಾವಣೆಯ ದಾರಿ ಇತ್ತು, ನಿವೃತ್ತಿಯ ಹಣದ ದಾರಿ ಇತ್ತು. ಗುತ್ತಿಗೆ ಆಳಿಗೆ, ಮಾರುಕಟ್ಟೆಯಲ್ಲಿ ತರಕಾರಿ ಮಾರಿದವಳಿಗೆ, ಕ್ವಾರ್ಟರ್ಸ್ ಮನೆಗಳಲ್ಲಿ ಪಾತ್ರೆ ತಿಕ್ಕಿದವಳಿಗೆ ಯಾವ ದಾರಿ? ಅವರು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾಡಿನೊಳಗಿನ ಮಲೆಕುಡಿಯರಿಗಂತೂ ಗಣಿ ಬಂದಾಗಲೂ ಏಳಿ ಅಂದರು, ಕಾಡು ಉಳಿಸುವಾಗಲೂ ಏಳಿ ಅಂದರು.

ದೂರದ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದಲ್ಲಿ 1949ರ ವಸತಿ ಕಾಯ್ದೆಯ ದುಡ್ಡಿನಿಂದ ನಗರಗಳ ನಡುವಿನ ಹಳೇ ಕೇರಿಗಳನ್ನು ಕೆಡವಿ ಹೊಸದಾಗಿ ಕಟ್ಟಿದರು. ಕೆಡವಿಸಿಕೊಂಡವರಲ್ಲಿ ಬಹಳ ಮಂದಿ ಕಪ್ಪುಜನ, ಬಾಡಿಗೆದಾರರು. ಹೊಸ ಕಟ್ಟಡದಿಂದ ನಗರಕ್ಕೆ ತೆರಿಗೆ ಜಾಸ್ತಿ ಬರುತ್ತದೆ ಅನ್ನೋದು ದೊಡ್ಡ ಸಮರ್ಥನೆಯಾಗಿತ್ತು. ನಗರ ನವೀಕರಣ ಅಂದರೆ ಕಪ್ಪುಜನರ ಎತ್ತಂಗಡಿ ಎಂಬ ಅರ್ಥದಲ್ಲಿ ಲೇಖಕ ಜೇಮ್ಸ್ ಬಾಲ್ಡ್ವಿನ್ 1963ರಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದ. ನಮ್ಮಲ್ಲಿ ಬುಲ್ಡೋಜರು ಅಷ್ಟು ದೊಡ್ಡದಾಗಿ ಬರುವುದಿಲ್ಲ. ನಮ್ಮಲ್ಲಿ ಕೆಲಸ ಮಾಡೋದು ಲೆಕ್ಕದ ಪುಸ್ತಕ.

ಅದರ ಒಳಗುಟ್ಟು ಹೀಗಿದೆ. ಮೊದಲು ಪೇಟೆಯ ಮನೆ ಕಂದಾಯವನ್ನು ವರ್ಷದ ಬಾಡಿಗೆಯ ಮೇಲೆ ಕಟ್ಟುತ್ತಿದ್ದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಹೊರಗಿನ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಲೆಕ್ಕ ಬದಲಾಯಿತು, ಆಸ್ತಿಯ ಬೆಲೆಯೇ ಆಧಾರವಾಯಿತು. ಬೆಲೆ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ. ಒಂದು ರಸ್ತೆ ಅಗಲವಾದರೆ, ಡಾಂಬರು ಬಿದ್ದರೆ ದರ ಏರುತ್ತದೆ, ದರ ಏರಿದರೆ ಕಂದಾಯ ಏರುತ್ತದೆ. ಏರಿದ ಕಂದಾಯವನ್ನು ಮಾಲೀಕ ಬಾಡಿಗೆಗೆ ಸೇರಿಸುತ್ತಾನೆ. ಮಾರುವ ದಿನ ಏರಿದ ಬೆಲೆ ಮಾಲೀಕನಿಗೆ, ಅಲ್ಲಿಯತನಕ ಏರಿದ ತೆರಿಗೆ ಬಾಡಿಗೆಯವನಿಗೆ. ಸರ್ಕಾರದ ದುಡ್ಡಿನಿಂದ ಏರಿದ ಬೆಲೆಯಲ್ಲಿ ಸರ್ಕಾರಕ್ಕೂ ಪಾಲು ಬರಬೇಕೆಂದು ಸುಧಾರಣಾ ತೆರಿಗೆ ಎಂಬುದನ್ನು ಈ ಕಾಯ್ದೆಗಳೊಳಗೆ ಬರೆದಿದ್ದಾರೆ. ಆ ಹಣದಲ್ಲಿ ಎತ್ತಂಗಡಿಯಾದವನಿಗೆ ಒಂದು ಪಾಲು ಅಂತ ಮಾತ್ರ ಬರೆದಿಲ್ಲ.

ರಸ್ತೆಗೆ ಜಾಗ ಹೋದ ಮಾಲೀಕನಿಗೆ ದುಡ್ಡು ಇಲ್ಲವೇ ಟಿಡಿಆರ್ ಎಂಬ ಕಟ್ಟುವ ಹಕ್ಕಿನ ಪತ್ರ. ಅವನ ಜಗಲಿಯ ಕೆಳಗೆ ಕೂತು ಚಪ್ಪಲಿ ಹೊಲಿದವನಿಗೆ, ಮುಂದಿನ ಕೋಣೆ ಬಾಡಿಗೆಗೆ ಹಿಡಿದ ಕ್ಷೌರದವನಿಗೆ ಎಂತದೂ ಇಲ್ಲ. ಸಣ್ಣ ಮಾಲೀಕರ ಪಾಡೂ ಚೆನ್ನಾಗಿಲ್ಲ, ಅದನ್ನು ಮರೆಮಾಚಬಾರದು. ಹತ್ತಡಿ ಅಂಗಡಿಯಲ್ಲಿ ಆರಡಿ ಹೋದರೆ ಉಳಿದ ನಾಲ್ಕಡಿಯಲ್ಲಿ ಯಾರೂ ಬದುಕಲಾರರು. 1894ರ ಭೂಸ್ವಾಧೀನ ಕಾಯ್ದೆ ಹೋಗಿ 2014ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾಯ್ದೆ, ಮೂರು ವರ್ಷದಿಂದ ಆ ಜಾಗವನ್ನೇ ನಂಬಿ ಬದುಕಿದ ಕೂಲಿ, ಗೇಣಿದಾರ, ಕಸುಬುದಾರನನ್ನೂ ಬಾಧಿತ ಕುಟುಂಬ ಎಂದು ಒಪ್ಪಿದೆ. ಒಳ್ಳೆಯ ಮಾತು. ಮೂರು ವರ್ಷಕ್ಕೆ ಪುರಾವೆ ಎಲ್ಲಿ?

2025ರಲ್ಲಿ ಸರ್ಕಾರ ಪೇಟೆ ಪಟ್ಟಣಗಳಲ್ಲಿ ಬಿ ಖಾತಾ ಅಭಿಯಾನ ನಡೆಸಿತು. ಅನಧಿಕೃತ ಬಡಾವಣೆಯ ಮನೆಗಳನ್ನೂ ತೆರಿಗೆ ಪುಸ್ತಕಕ್ಕೆ ತರುವ ಕೆಲಸ. ಅದಕ್ಕೂ ನೋಂದಣಿಯಾದ ಪತ್ರ ಬೇಕು. ಸರ್ಕಾರಿ ಜಾಗದ ಗುಡಿಸಲಿಗೆ ಅದು ತಾಕುವುದಿಲ್ಲ, ಅವರು 94ಸಿ, 94ಸಿಸಿ ಅರ್ಜಿ ಹಿಡಿದು ತಾಲೂಕು ಕಚೇರಿಯ ಮೆಟ್ಟಿಲು ಸವೆಸಬೇಕು, ಅರಣ್ಯದ ಗೆರೆ ಎಲ್ಲಿದೆ ಅಂತ ಯಾರಾದರೂ ಹೇಳುವ ತನಕ. ಅತ್ತ 2022-23ರಲ್ಲಿ ಭೂಕಂದಾಯ ಕಾಯ್ದೆಗೆ 94ಇ ಎಂಬ ಕಲಮು ಸೇರಿತು. ನಮ್ಮ ಜಿಲ್ಲೆಯಂಥ ಕಡೆ ಸರ್ಕಾರಿ ಭೂಮಿ ಒತ್ತಿಕೊಂಡು ತೋಟ ಮಾಡಿದವರಿಗೆ 25 ಎಕರೆ ತನಕ 30 ವರ್ಷದ ಗುತ್ತಿಗೆ. ಇಬ್ಬರೂ ಒತ್ತುವರಿದಾರರೇ. ಒಬ್ಬನದು ಕಾಫಿ ಗಿಡ, ಇನ್ನೊಬ್ಬನದು ಒಲೆ.

2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆ ಒಂದು ಲಕ್ಷಕ್ಕಿಂತ ಹೆಚ್ಚಿತ್ತು. 2019ರಲ್ಲಿ ಕಳಸಕ್ಕೆ ತಾಲೂಕಿನ ಪಟ್ಟ ಸಿಕ್ಕಿತು. ತಾಲೂಕು ಅಂದ ಮೇಲೆ ಕಚೇರಿ, ಕಚೇರಿ ಅಂದ ಮೇಲೆ ರಸ್ತೆ, ರಸ್ತೆ ಅಂದ ಮೇಲೆ ದರ. 1865ರಲ್ಲಿ ಚಿಕ್ಕಮಗಳೂರಿನಲ್ಲಿ ಶುರುವಾದದ್ದು ಕಳಸದಲ್ಲಿ ಇನ್ನು ಶುರುವಾಗಬೇಕು. ತೋಟದಿಂದ ನಿವೃತ್ತಿಯಾಗಿ ಲೈನ್ ಬಿಟ್ಟ ಮುದುಕರು ಇಂಥ ಪೇಟೆಗಳ ಅಂಚಿಗೇ ಬಂದು ಬೀಳುತ್ತಾರೆ, ಸರ್ವೆಯ ಸರಪಳಿ ಮೊದಲು ಬರುವುದೂ ಅಂಚಿಗೇ.

ಹಳ್ಳಿ ಮೇಷ್ಟ್ರುಗಳಿಗೆ ಒಂದು ಕೆಲಸ ಇದೆ. ತೋಟದ ಮಕ್ಕಳು ಎಲ್ಲಿ ಇದ್ದರು, ಯಾವ ವರ್ಷದಿಂದ ಇದ್ದರು ಅನ್ನೋದಕ್ಕೆ ರೈಟರ ಹಾಜರಿ ಪುಸ್ತಕ ನಮ್ಮ ಕೈಗೆ ಸಿಗೋದಿಲ್ಲ. ಆದರೆ ಶಾಲೆಯ ದಾಖಲಾತಿ ಪುಸ್ತಕ ಇದೆ. ಅಪ್ಪನ ಹೆಸರು, ಕಸುಬು, ವಿಳಾಸ, ತಾರೀಖು, ಹೆಡ್‌ಮಾಸ್ಟರ ಸಹಿ. ಎಷ್ಟೋ ಕಡೆ ಮೂರು ತಲೆಮಾರು ಒಂದೇ ಬೀರುವಿನಲ್ಲಿವೆ. ಗೆದ್ದಲು ತಿನ್ನುವ ಮೊದಲು ಅದನ್ನು ತೆಗೆದು, ಮನೆವಾರು ಪಟ್ಟಿ ಮಾಡಿ, ದೃಢೀಕರಿಸಿದ ನಕಲು ಆಯಾ ಕುಟುಂಬಕ್ಕೆ ಕೊಡಬೇಕು. ವಿದ್ಯಾರ್ಥಿ ಗೆಳೆಯರು ರೇಷನ್ ಕಾರ್ಡು, ಕರೆಂಟು ಬಿಲ್ಲು, ಮತದಾರರ ಪಟ್ಟಿಯ ಹಳೇ ಪ್ರತಿ ಸೇರಿಸಲಿ. ಮೂಡಿಗೆರೆ, ಕಳಸದ ಕಡೆ ಇದನ್ನು ಈ ಮಳೆಗಾಲ ಹಿಡಿಯುವ ಮುಂಚೆ ಶುರು ಮಾಡಬೇಕು. ಮಳೆ ಹಿಡಿದರೆ ಲೈನುಗಳಿಗೆ ಹೋಗುವ ದಾರಿಯೇ ಇರೋದಿಲ್ಲ.