ಬಾರ್ಟನ್ ಫಿಂಕನ ಕೋಣೆಯೂ ಹಾಲಿವುಡ್ಡಿನ ಲೇಖಕರೂ

ಅಮೆರಿಕದ ಸೋದರ ನಿರ್ದೇಶಕರಾದ ಜೋಯೆಲ್ ಮತ್ತು ಈಥನ್ ಕೋಯೆನ್ನರು ನಿರ್ಮಿಸಿದ ‘ಬಾರ್ಟನ್ ಫಿಂಕ್’ ಎಂಬ ಚಲಚ್ಚಿತ್ರವು 1991ರ ಕಾನ್ ಉತ್ಸವದಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ನಟ ಎಂಬ ಮೂರು ಪ್ರಶಸ್ತಿಗಳನ್ನೂ ಪಡೆಯಿತು. ಬೇರೊಂದು ಚಿತ್ರಕಥೆಯನ್ನು ಬರೆಯುತ್ತ ದಾರಿ ಕಾಣದೆ ನಿಂತಾಗ ಈ ಸೋದರರು ಅದನ್ನು ಬದಿಗಿರಿಸಿ, ಸುಮಾರು ಮೂರು ವಾರಗಳಲ್ಲಿ ಇದನ್ನು ಬರೆದು ಮುಗಿಸಿದರೆಂಬುದು ಪ್ರಸಿದ್ಧ. ಬರೆಯಲಾರದ ಲೇಖಕನ ಈ ಕಥೆಯನ್ನು ವಿಮರ್ಶಕರು ಬಹುವಾಗಿ ಮನಸ್ಸಿನ ಕಥೆಯೆಂದೇ ಓದಿದ್ದಾರೆ. ಅದನ್ನು ಇತಿಹಾಸದ ಪಕ್ಕದಲ್ಲಿರಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಕಥೆಯ ಕಾಲ 1941. ಮೀನು ಮಾರುವವರ ಬಾಳನ್ನು ಕುರಿತ ನಾಟಕದಿಂದ ನ್ಯೂಯಾರ್ಕಿನಲ್ಲಿ ಹೆಸರು ಗಳಿಸಿದ ಬಾರ್ಟನ್, ವಾರದ ಸಂಬಳಕ್ಕೆ ಒಪ್ಪಿ ಹಾಲಿವುಡ್ಡಿಗೆ ಬರುತ್ತಾನೆ. ಕುಸ್ತಿಯ ಚಿತ್ರವೊಂದಕ್ಕೆ ಕಥೆ ಬರೆಯಬೇಕೆಂದು ಅಪ್ಪಣೆಯಾಗುತ್ತದೆ. ತಂಗಿದ ಹೋಟೆಲಿನ ಕೋಣೆಯಲ್ಲಿ ಗೋಡೆಯ ಕಾಗದ ಬಿಸಿಲಿಗೆ ಬೆವರಿ ಕಳಚಿ ಬೀಳುತ್ತದೆ, ಸೊಳ್ಳೆಯೊಂದು ನಿದ್ದೆಗೊಡುವುದಿಲ್ಲ, ಬೆರಳಚ್ಚು ಯಂತ್ರದ ಹಾಳೆ ಮೊದಲ ಸಾಲುಗಳನ್ನು ದಾಟುವುದಿಲ್ಲ. ಪಕ್ಕದ ಕೋಣೆಯ ವಿಮಾ ಏಜೆಂಟ್ ಚಾರ್ಲಿಯು ತನ್ನಲ್ಲಿ ಹೇಳಬೇಕಾದ ಕಥೆಗಳಿವೆಯೆಂದು ಬಾಯಿ ತೆರೆದಾಗಲೆಲ್ಲ ಬಾರ್ಟನ್ ಅವನನ್ನು ತಡೆದು, ಸಾಮಾನ್ಯ ಮನುಷ್ಯನ ರಂಗಭೂಮಿಯ ಮೇಲೆ ಉಪನ್ಯಾಸ ಕೊಡುತ್ತಾನೆ. ಆ ಸಾಮಾನ್ಯ ಮನುಷ್ಯನೇ ಕೊಲೆಗಡುಕನೆಂದು ತಿಳಿಯುವ ವೇಳೆಗೆ ಹೋಟೆಲು ಹೊತ್ತಿ ಉರಿಯುತ್ತಿರುತ್ತದೆ. ನಗುವುದೋ ನಡುಗುವುದೋ ತಿಳಿಯದ ಅಸಂಗತ ಹಾಸ್ಯವೇ ಚಿತ್ರದ ಧಾಟಿ. ಕೊನೆಗೆ ಸಂಸ್ಥೆಯ ಒಡೆಯನು ತೀರ್ಪು ಕೊಡುತ್ತಾನೆ: ಬಾರ್ಟನ್ ಏನು ಬರೆದರೂ ಅದು ಸಂಸ್ಥೆಯ ಸ್ವತ್ತು, ಆದರೆ ಅದನ್ನು ಸಂಸ್ಥೆ ಎಂದೂ ಚಿತ್ರವಾಗಿಸದು.

ಈ ತೀರ್ಪು ಅತಿಶಯೋಕ್ತಿಯಂತೆ ಕಂಡರೂ ಅದರ ಮೊದಲರ್ಧ ಅಕ್ಷರಶಃ ಕಾನೂನು. ಅಮೆರಿಕದ 1909ರ ಕೃತಿಸ್ವಾಮ್ಯ ಶಾಸನದ ಪ್ರಕಾರ, ಕೂಲಿಗಾಗಿ ರಚಿಸಿದ ಕೃತಿಗೆ ಕೂಲಿ ಕೊಟ್ಟವನೇ ‘ಕರ್ತೃ’. ಲೇಖಕನು ಮಾರುತ್ತಿದ್ದುದು ಕೃತಿಯ ಹಕ್ಕನ್ನಷ್ಟೇ ಅಲ್ಲ, ಕರ್ತೃತ್ವವನ್ನೇ. 1927ರಲ್ಲಿ ಮಾತಿನ ಚಿತ್ರ ಬಂದಮೇಲೆ ಸಂಭಾಷಣೆ ಬಲ್ಲವರಿಗೆ ಬೇಡಿಕೆ ಹೆಚ್ಚಿ, ನಾಟಕಕಾರರೂ ಕಾದಂಬರಿಕಾರರೂ ಈ ಕರಾರಿಗೆ ಸಹಿ ಹಾಕತೊಡಗಿದರು.

ಕುಸ್ತಿಯ ಚಿತ್ರವೂ ಬರಿಯ ಕಲ್ಪನೆಯಲ್ಲ. ವಿಲಿಯಂ ಫಾಕ್ನರ್ 1932ರಲ್ಲಿ ವಾರಕ್ಕೆ 500 ಡಾಲರಿನಂತೆ ಎಂಜಿಎಂ ಸಂಸ್ಥೆಯನ್ನು ಸೇರಿದಾಗ, ನಟ ವಾಲೇಸ್ ಬೀರಿಯ ಕುಸ್ತಿ ಚಿತ್ರವೊಂದರ ಕೆಲಸವೇ ಅವನ ಪಾಲಿಗೆ ಬಂದಿತು. 1942ರಲ್ಲಿ ವಾರ್ನರ್ ಸಂಸ್ಥೆಗೆ ಬಂದಾಗ ಸಂಬಳ 300 ಡಾಲರಿಗೆ ಇಳಿದಿತ್ತು. ಚಿತ್ರದ ಕುಡುಕ ಕಾದಂಬರಿಕಾರ ಮೇಹ್ಯೂ ರೂಪದಲ್ಲಿ ಫಾಕ್ನರನನ್ನೇ ಹೋಲುತ್ತಾನೆ. ಆದರೆ ಮೇಹ್ಯೂವಿನ ಬರವಣಿಗೆ ಆಪ್ತಕಾರ್ಯದರ್ಶಿನಿಯ ಕೈಯದು. ಫಾಕ್ನರನಾದರೋ ತನ್ನ ಕಾದಂಬರಿಗಳನ್ನು ತಾನೇ ಬರೆದು 1949ನೆಯ ಸಾಲಿನ ನೊಬೆಲ್ ಪಾರಿತೋಷಕವನ್ನು ಪಡೆದನು. ಹೋಲಿಕೆಗೆ ಮಿತಿಯುಂಟು.

ಬಾರ್ಟನ್ನನಿಗೆ ಮೂಲವೆಂದು ಹೇಳಲಾಗುವ ಕ್ಲಿಫರ್ಡ್ ಒಡೆಟ್ಸ್ 1935ರಲ್ಲಿ ‘ವೇಟಿಂಗ್ ಫಾರ್ ಲೆಫ್ಟಿ’ ಎಂಬ ನಾಟಕದಿಂದ ಕೀರ್ತಿ ಪಡೆದವನು. ಅದರ ವಸ್ತು ಟ್ಯಾಕ್ಸಿ ಚಾಲಕರ ಮುಷ್ಕರ. 1931ರಲ್ಲಿ ಸ್ಥಾಪಿತವಾದ ಗ್ರೂಪ್ ಥಿಯೇಟರಿನ ನಟರ ನಡುವೆ ಬೆಳೆದ ನಾಟಕಕಾರನವನು. ಹೆಸರೇ ಸೂಚಿಸುವಂತೆ ಅದು ಒಬ್ಬಂಟಿಗರ ಕೂಟವಲ್ಲ.

ಹಾಲಿವುಡ್ಡಿನ ಲೇಖಕರೂ ಆಗ ಒಬ್ಬಂಟಿಗರಾಗಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ ಸಂಗತಿ. 1933ರ ಮಾರ್ಚಿಯಲ್ಲಿ ಅಧ್ಯಕ್ಷ ರೂಸ್ವೆಲ್ಟ್ ದೇಶದ ಬ್ಯಾಂಕುಗಳನ್ನೆಲ್ಲ ತಾತ್ಕಾಲಿಕವಾಗಿ ಮುಚ್ಚಿಸಿದರು. ನಗದಿನ ಅಭಾವವನ್ನು ಮುಂದೊಡ್ಡಿ ಚಿತ್ರಸಂಸ್ಥೆಗಳು ಸಂಬಳವನ್ನು ಅರ್ಧಕ್ಕೆ ಇಳಿಸಿದವು. ಲೆಕ್ಕದ ಪುಸ್ತಕವೊಂದು ಕವಿಗಳನ್ನು ಒಟ್ಟುಗೂಡಿಸಿದ ಪ್ರಸಂಗವಿದು: ಮರುತಿಂಗಳೇ ಚಿತ್ರಲೇಖಕರ ಸಂಘ ರೂಪುಗೊಂಡು, ಜಾನ್ ಹೋವರ್ಡ್ ಲಾಸನ್ ಅದರ ಅಧ್ಯಕ್ಷನಾದನು. ಸಂಸ್ಥೆಗಳ ಕೃಪೆಯಿದ್ದ ಎದುರು ಸಂಘವನ್ನು 1938ರ ಸರಕಾರಿ ಚುನಾವಣೆಯಲ್ಲಿ ಸೋಲಿಸಿ, ದೀರ್ಘ ಮಾತುಕತೆಯ ನಂತರ 1942ರಲ್ಲಿ ಮೊದಲ ಒಪ್ಪಂದವನ್ನು ಪಡೆದರು. ಸ್ವಾಮ್ಯ ಸಂಸ್ಥೆಯಲ್ಲೇ ಉಳಿಯಿತು. ಆದರೆ ತೆರೆಯ ಮೇಲೆ ಯಾರ ಹೆಸರು ಬರಬೇಕೆಂದು ನಿರ್ಣಯಿಸುವ ಅಧಿಕಾರ ಲೇಖಕರಿಗೆ ದಕ್ಕಿತು.

ಬಾರ್ಟನ್ ಕೋಣೆಯಲ್ಲಿ ಬೆವರುತ್ತಿದ್ದ ವರ್ಷವೇ ಹೊರಗೆ ಈ ಮಾತುಕತೆ ನಡೆಯುತ್ತಿತ್ತು. ಚಿತ್ರದಲ್ಲಿ ಅದರ ಸುಳಿವೂ ಇಲ್ಲ. ಇದನ್ನು ದೋಷವೆನ್ನಲಾಗದು; ಸಂಘದ ಸಭೆಗೆ ಹೋಗುವ ಬಾರ್ಟನ್ನನಿಂದ ಈ ಕಥೆ ಹುಟ್ಟದು. ಆದರೆ ಇದನ್ನು ಕಂಡು ಹಾಲಿವುಡ್ಡಿನ ಲೇಖಕರ ಸ್ಥಿತಿಯೇ ಇಷ್ಟೆಂದು ನಂಬುವವರು ಇತಿಹಾಸದ ಅರ್ಧವನ್ನೇ ಬಲ್ಲರು. ಆ ಏಕಾಂತವು ಲೇಖಕನಿಗೆ ವಿಧಿ ಬರೆದುದಲ್ಲ. ಪಕ್ಕದ ಕೋಣೆಯವನ ಮಾತಿಗೆ ಕಿವಿಗೊಡದವನು ತಾನೇ ಕಟ್ಟಿಕೊಂಡುದು.

ನಿಜವಾದ ಏಕಾಂತ ಬಂದುದು ಆಮೇಲೆ. 1947ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯು ಹಾಲಿವುಡ್ಡಿನ ಕಮ್ಯೂನಿಸ್ಟರ ವಿಚಾರಣೆಗೆ ತೊಡಗಿತು. ಉತ್ತರಿಸಲು ಒಪ್ಪದ ಹತ್ತು ಮಂದಿಯನ್ನು ಸಂಸ್ಥೆಗಳು ಹೊರಹಾಕಿದವು. ಲಾಸನ್ 1950ರಲ್ಲಿ ಸೆರೆಮನೆಗೆ ಹೋದನು. ಒಡೆಟ್ಸನ ಗತಿ ಬೇರೆ. ಗ್ರೂಪ್ ಥಿಯೇಟರಿನ ನಟ, ಸ್ನೇಹಿತ ಬ್ರೋಂಬರ್ಗ್ 1951ರಲ್ಲಿ ತೀರಿಕೊಂಡಾಗ ಶೋಕಸಭೆಯಲ್ಲಿ ಮಾತನಾಡಿದವನೇ, 1952ರಲ್ಲಿ ಸಮಿತಿಯ ಮುಂದೆ ಅದೇ ಸ್ನೇಹಿತನ ಹೆಸರನ್ನು ಹೇಳಿದನು. ಅವನು 1963ರವರೆಗೆ ಬದುಕಿದ್ದರೂ 1935ರ ಆ ಒಡೆಟ್ಸ್ ಮರಳಿ ಬರಲಿಲ್ಲ.

ಹೋರಾಡಿ ಗಳಿಸಿದ ಹೆಸರಿನ ಹಕ್ಕೂ ಆ ಕಾಲದಲ್ಲಿ ಮಣ್ಣುಗೂಡಿತು. ಹತ್ತು ಮಂದಿಯಲ್ಲಿ ಒಬ್ಬನಾದ ಡಾಲ್ಟನ್ ಟ್ರಂಬೋ ‘ರೋಮನ್ ಹಾಲಿಡೇ’ಯ ಕಥೆಯನ್ನು ಬರೆದರೂ, 1953ರಲ್ಲಿ ತೆರೆಯ ಮೇಲೆ ಬಂದುದು ಮಿತ್ರನೊಬ್ಬನ ಹೆಸರು. ಟ್ರಂಬೋ 1976ರಲ್ಲಿ ತೀರಿಕೊಂಡನು. ಲೇಖಕರ ಸಂಘವು ಆ ಹೆಸರನ್ನು ಅದರ ಸ್ಥಾನಕ್ಕೆ ಮರಳಿಸಿದ್ದು 2011ರಲ್ಲಿ. ಬಾರ್ಟನ್ನನಿಗಾದರೆ ಹಾಗೆ ಮರಳಿಸುವ ಸಂಘವೂ ಇರಲಿಲ್ಲ, ಅವನು ಅದನ್ನು ಹುಡುಕಲೂ ಇಲ್ಲ.