ಡಿಸ್ಪೋಸಲ್ ಜೀಪು ನಮ್ಮೂರ ಗಾಡಿಯಾದದ್ದು

ಬೆಳ್ಳಿ ಹಬ್ಬದ ಈ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ಮಂಜರಾಬಾದ್ ಕೋಟೆಯ ಬಗ್ಗೆ ಬರೆಯೋಣ ಅಂತಲೇ ಕೂತೆವು. ಆದರೆ ಟಿಪ್ಪುವಿನ ಕೋಟೆಯ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಸಂಘದ ಗೋಡೌನಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ ಹಳೇ ಟ್ರೈಲರಿನ ಬಗ್ಗೆ ಬರೆದವರು ಯಾರೂ ಇಲ್ಲ. ಅದನ್ನು ಗುಜರಿಗೆ ಹಾಕುವುದೋ, ರಿಪೇರಿ ಮಾಡಿಸುವುದೋ ಎಂಬುದು ಸಭೆಯಲ್ಲಿ ಎರಡು ಸಲ ಚರ್ಚೆಯಾಗಿ ತೀರ್ಮಾನವಾಗದೆ ನಿಂತಿದೆ. ಅದರ ಕುಲಗೋತ್ರ ಸದಸ್ಯರಿಗೆ ತಿಳಿದಿರಲಿ.

1941ರಿಂದ 1945ರ ತನಕ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧಕ್ಕಾಗಿ ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದವು. ಬರ್ಮಾ ಕಡೆಯ ಯುದ್ಧಕ್ಕೆಂದು ಜೀಪು, ಟ್ರೈಲರು, ಕೆನಡಾದ ಮೊಂಡು ಮೂತಿಯ ಷೆವರ್ಲೆ, ಫೋರ್ಡ್ ಲಾರಿ ಎಲ್ಲ ಭಾರತಕ್ಕೆ ಬಂದವು. ಯುದ್ಧ ಮುಗಿಯಿತು. ಉಳಿದ ಮಾಲನ್ನು ಸರ್ಕಾರ ಡಿಸ್ಪೋಸಲ್ ಎಂದು ಮಾರಿತು. ಮುಂದೆ ಅದೇ ಅವುಗಳ ಜಾತಿಯ ಹೆಸರಾಯ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಎತ್ತಿನ ಗಾಡಿಯೂ ಹೂತುಹೋಗುತ್ತಿದ್ದ ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ರಸ್ತೆಗಳಿಗೆ ನಾಲ್ಕು ಚಕ್ರವೂ ಎಳೆಯುವ ಗಾಡಿ ದೇವರು ಕೊಟ್ಟಂತಿತ್ತು. ಮೊದಲು ದೊಡ್ಡ ತೋಟದವರು, ಅವರ ಕೈಯಿಂದ ಸಣ್ಣ ಹಿಡುವಳಿದಾರರು ಕೊಂಡರು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹೀಂದ್ರದವರು ವಿಲ್ಲೀಸ್ ಜೀಪನ್ನು ಬೊಂಬಾಯಿಯಲ್ಲಿ ಜೋಡಿಸತೊಡಗಿದರು. ಹೊಸದರ ಎಷ್ಟೋ ಸಾಮಾನು ಹಳೆಯದಕ್ಕೂ ಕೂರುತ್ತಿತ್ತು. ಡಿಸ್ಪೋಸಲ್ ಗಾಡಿ ಇಷ್ಟು ವರ್ಷ ಬಾಳಿದ್ದಕ್ಕೆ ಅದೇ ಕಾರಣ.

ನಿಜವಾದ ಮಿಲಿಟರಿ ಜೀಪನ್ನು ಗುರುತಿಸುವುದು ಕಷ್ಟವಿಲ್ಲ. ಮುಂದಿನ ಜಾಲರಿಯ ಸೀಳು ಎಣಿಸಿ: ಯುದ್ಧದ ಜೀಪಿಗೆ ಒಂಬತ್ತು, ಆಮೇಲಿನದಕ್ಕೆ ಏಳು. ಹಿಂದೆ ಬಾಗಿಲಿಲ್ಲ, ಸ್ಟೆಪ್ನಿ ಅಲ್ಲೇ ಇರುತ್ತದೆ. ಹೆಡ್‌ಲೈಟನ್ನು ತಿರುಗಿಸಿ ಎಂಜಿನ್ ಮೇಲೆ ಬೆಳಕು ಬಿಡಬಹುದು, ರಾತ್ರಿ ರಿಪೇರಿಗೆ! ಫೋರ್ಡ್ ಮಾಡಿದ್ದಾದರೆ ಬೋಲ್ಟಿನ ತಲೆಯ ಮೇಲೂ ‘ಎಫ್’ ಅಕ್ಷರ.

ಇನ್ನು ನಮ್ಮ ಟ್ರೈಲರು. ಸಂಘ ಶುರುವಾದ ಎರಡನೇ ವರ್ಷ ಒಂದು ತೋಟದವರಿಂದ ಕೊಂಡದ್ದು. ಹೊಳೆ ದಾಟುವಾಗ ತೇಲಲಿ ಎಂದು ಇದರ ತೊಟ್ಟಿಯನ್ನು ನೀರು ಸೋರದಂತೆ ಮಾಡಿದ್ದಾರೆ. ಒಳಗೆ ಬಿದ್ದ ನೀರು ಬಿಡಲು ತಳದಲ್ಲಿ ಎರಡು ಬಿರಡೆ. ನಮ್ಮ ಮಳೆಗೆ ಇದೇ ಅದರ ಶತ್ರು. ಬಿರಡೆ ತೆಗೆಯುವವರಿಲ್ಲದೆ ಬಾನಿಯಂತೆ ತುಂಬಿ ತಳ ತುಕ್ಕು ತಿಂದಿದೆ. ಮಿಲಿಟರಿಯವರು ಇದಕ್ಕೆ ಗೊತ್ತು ಮಾಡಿದ ತೂಕ 500 ಪೌಂಡು, ಎಂದರೆ 50 ಕೆ.ಜಿ.ಯ ನಾಲ್ಕು ಮೂಟೆ ಮತ್ತೆ ಸ್ವಲ್ಪ. ನಾವು ಹೇರುತ್ತಿದ್ದದ್ದು ಹತ್ತು! ನಿಲ್ಲಿಸಿದಾಗ ಎಳೆಯಲು ಹ್ಯಾಂಡ್‌ಬ್ರೇಕ್ ಬಿಟ್ಟರೆ ಇದಕ್ಕೆ ಬೇರೆ ಬ್ರೇಕಿಲ್ಲ. ಒಂದು ಆಗಸ್ಟಿನಲ್ಲಿ ಇಳಿಜಾರಿನಲ್ಲಿ ಅದು ಜೀಪನ್ನೇ ತಳ್ಳಿಕೊಂಡು ಹೋಗಿ ದರೆಗೆ ಒರಗಿಸಿತು. ಡ್ರೈವರ್ ಬದುಕಿದ್ದು ಪುಣ್ಯ, ಗೊಬ್ಬರವೆಲ್ಲ ಹಳ್ಳದ ಪಾಲಾಯ್ತು. ಆ ತಪ್ಪು ಗಾಡಿಯದಲ್ಲ, ಹೇರಿಸಿದ ನಮ್ಮದು. ಅಂದಿನಿಂದ ಲೋ ಗೇರ್ ಹಾಕದೆ ಯಾರೂ ಆ ಇಳಿಜಾರು ಇಳಿಯಲಿಲ್ಲ.

ರಿಪೇರಿಯಲ್ಲೂ ಪ್ರಾಣದ ಮಾತಿದೆ. ಇದರ ಮಿಲಿಟರಿ ಚಕ್ರ ಎರಡು ಹೋಳು, ನಟ್ಟು ಹಾಕಿ ಸೇರಿಸಿದ್ದು. ಗಾಳಿ ಪೂರ್ತಿ ಬಿಡದೆ ಆ ನಟ್ಟು ಬಿಚ್ಚಿದರೆ ಹೋಳು ಸಿಡಿದು ಮುಖಕ್ಕೇ ಬರುತ್ತದೆ. ಪಂಕ್ಚರ್ ಅಂಗಡಿಯ ಹೊಸ ಹುಡುಗರಿಗೆ ಇದು ಗೊತ್ತಿಲ್ಲ, ದಯವಿಟ್ಟು ಹೇಳಿ.

ಜೀಪಿನ ಕತೆಯೇ ಬೇರೆ. ಆರು ವೋಲ್ಟಿನ ಬ್ಯಾಟರಿ ಹೋಗಿ ಹನ್ನೆರಡರದು ಬಂತು. ಪೆಟ್ರೋಲ್ ದುಬಾರಿಯಾದ ಮೇಲೆ ಡೀಸೆಲ್ ಎಂಜಿನ್ ಕೂತಿತು. ತಳ ಹೋದರೆ ಮೇಸ್ತ್ರಿಗಳು ಡ್ರಮ್ಮಿನ ತಗಡು ಬಡಿದು ಕೂರಿಸಿದರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ನಮ್ಮ ಕಾಫಿಗೆ ಬೆಲೆ ಬಂದಾಗ ಹೊಸ ಗಾಡಿ ಕೊಂಡವರು ಹಳೆಯದನ್ನು ಕೊಟ್ಟಿಗೆಗೆ ತಳ್ಳಿದರು. ನಮ್ಮ ಸೈನ್ಯವೇ ಹರಾಜು ಹಾಕಿದ ಜಬಲ್‌ಪುರದ ಜೋಂಗಾ, ಶಕ್ತಿಮಾನ್‌ಗಳದು ಇನ್ನೊಂದು ತಲೆಮಾರು. ಅಂಥವನ್ನು ಕೊಳ್ಳುವವರು ಮೊದಲು ಹರಾಜಿನ ಕಾಗದ ನೋಡಬೇಕು. ಬಾಣದ ಗುರುತಿನ ಸೈನ್ಯದ ನಂಬರು ಇಟ್ಟುಕೊಂಡು ರಸ್ತೆಗಿಳಿಯಲು ಬರುವುದಿಲ್ಲ.

ಈಗ ಹಳೇ ಗಾಡಿ ಹುಡುಕಿಕೊಂಡು ಪೇಟೆಯಿಂದ ಜನ ಬರುತ್ತಾರೆ, ಗುಜರಿ ಬೆಲೆಗೆ ಕೇಳುತ್ತಾರೆ. 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರದ ನಿಯಮ ಬಂದಿದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ದಿನದ ಓಡಾಟಕ್ಕೆ ಬಳಸುವಂತಿಲ್ಲ. ಎಂಜಿನ್ ಬದಲಾಯಿಸಿಕೊಂಡು ದಿನಾ ದುಡಿದದ್ದರಿಂದಲೇ ಉಳಿದ ನಮ್ಮ ಜೀಪುಗಳಿಗೆ ಈ ನಿಯಮ ಹೇಗೆ ಒಗ್ಗೀತು? ಟ್ರೈಲರಿನಲ್ಲಿ ಆ ತೊಡಕಿಲ್ಲ. ತಳದ ತಗಡು ಬಿಟ್ಟರೆ ಅದು ಬಂದ ಹಾಗೇ ಇದೆ. ಮಾರುವುದು ಬೇಡ, ತಳ ಬೆಸೆಸಿ ಸಂಘದ ಅಂಗಳದಲ್ಲೇ ನಿಲ್ಲಿಸೋಣ ಎಂಬುದು ನಮ್ಮ ಅಭಿಪ್ರಾಯ. ಮಹಾಸಭೆ ಏನಾದರೂ ತೀರ್ಮಾನಿಸಲಿ, ಮಳೆ ಹಿಡಿಯುವ ಮುಂಚೆ ಯಾರಾದರೂ ಆ ಎರಡು ಬಿರಡೆ ತೆಗೆದು ನೀರು ಬಿಡಿ. ಅಷ್ಟಕ್ಕೆ ನಿರ್ಣಯ ಬೇಕಿಲ್ಲ.