ಕೊರತೆಯ ಭಯವೋ, ಜೀವದಯೆಯೋ?

ಇಂಗ್ಲಿಷಿನಲ್ಲಿ ‘ವೇಸ್ಟ್ ನಾಟ್, ವಾಂಟ್ ನಾಟ್’ ಎಂಬ ನಾಣ್ಣುಡಿಯೊಂದುಂಟು. ಇಲ್ಲಿ ‘ವಾಂಟ್’ ಎಂಬುದಕ್ಕೆ ಇಂದು ರೂಢಿಯಲ್ಲಿರುವ ‘ಬಯಕೆ’ ಎಂಬ ಅರ್ಥವಲ್ಲ, ‘ಕೊರತೆ’ ಎಂಬ ಹಳೆಯ ಅರ್ಥ. ಹಾಳುಮಾಡದವನಿಗೆ ಕೊರತೆಯಿಲ್ಲ ಎಂಬುದು ಮಾತಿನ ತಾತ್ಪರ್ಯ. 18ನೆಯ ಶತಮಾನದಲ್ಲಿಯೇ ಬಳಕೆಯಲ್ಲಿದ್ದ ಈ ಮಾತನ್ನು ಲೇಖಕಿ ಮರಿಯಾ ಎಡ್ಜ್‌ವರ್ತ್ 1800ರಲ್ಲಿ ಮಕ್ಕಳ ಕಥೆಯೊಂದಕ್ಕೆ ಶೀರ್ಷಿಕೆಯಾಗಿಸಿದರು. ಆ ಕಥೆಯಲ್ಲಿ ಪೊಟ್ಟಣಕ್ಕೆ ಕಟ್ಟಿದ ಹುರಿಯನ್ನು ಒಬ್ಬ ಹುಡುಗನು ಕತ್ತರಿಸಿ ಕೆಡಿಸುತ್ತಾನೆ. ಮತ್ತೊಬ್ಬನು ಗಂಟು ಬಿಡಿಸಿ ಕಾದಿರಿಸುತ್ತಾನೆ. ಮುಂದೆ ಬಿಲ್ಲುಗಾರಿಕೆಯ ಸ್ಪರ್ಧೆಯಲ್ಲಿ ಹೆದೆ ಹರಿದಾಗ ಕಾದಿರಿಸಿದ ಹುರಿಯೇ ಕೈಹಿಡಿಯುತ್ತದೆ.

ಕನ್ನಡಿಗರು ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ’ ಎನ್ನುತ್ತಾರೆ. ಹಣ್ಣು ಹೋಯಿತು, ಶ್ರಮವೂ ಹೋಯಿತು, ಹೊಳೆ ಮಾತ್ರ ಹುಳಿಯಾಗಲಿಲ್ಲ. ಎರಡು ಮಾತುಗಳೂ ಲೆಕ್ಕಹಾಕುವುದು ಕಳೆದುಕೊಂಡವನ ನಷ್ಟವನ್ನು ಮಾತ್ರ. ಹಾಗಾದರೆ ಹೊಳೆ ತುಂಬಿ ಹರಿಯುವಾಗ ನೀರು ಚೆಲ್ಲಿದರೆ ತಪ್ಪೇನು?

ಪಟ್ಟದಕಲ್ಲಿನಲ್ಲಿ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಚಾಲುಕ್ಯರ ದೇವಾಲಯಗಳು ಮಲಪ್ರಭೆಯ ದಡದಲ್ಲಿವೆ. ಬಾದಾಮಿಯ ದಾರಿಯಲ್ಲಿ, ಊರಿನಿಂದ ಸ್ವಲ್ಪ ದೂರದಲ್ಲಿ, 9ನೆಯ ಶತಮಾನದ ರಾಷ್ಟ್ರಕೂಟರ ಕಾಲದ ಜೈನ ಬಸದಿಯಿದೆ. ಜನರು ಅದನ್ನು ‘ಜೈನ ನಾರಾಯಣ’ ಎನ್ನುತ್ತಾರೆ. ಈ ಸ್ಮಾರಕ ಸಮೂಹವು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2019ರ ಆಗಸ್ಟಿನಲ್ಲಿ ಮಲಪ್ರಭೆಯ ಪ್ರವಾಹವು ದೇವಾಲಯಗಳ ಅಂಗಳಕ್ಕೇ ನುಗ್ಗಿತು; ಬೇಸಗೆಯಲ್ಲಾದರೋ ಅದೇ ಹೊಳೆ ಸೊರಗುತ್ತದೆ. ಕೊರತೆಯ ಭಯವೊಂದೇ ಮಿತಬಳಕೆಗೆ ಕಾರಣವಾದರೆ, ಮಳೆಗಾಲದಲ್ಲಿ ಒಂದು ನೀತಿ, ಬೇಸಗೆಯಲ್ಲಿ ಇನ್ನೊಂದು ನೀತಿಯಾದೀತು.

ಶ್ರಾವಕಧರ್ಮದ ಉತ್ತರ ಬೇರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಗೃಹಸ್ಥನಿಗೆ ಅನರ್ಥದಂಡವಿರತಿಯನ್ನು ವಿಧಿಸುತ್ತದೆ. ಪ್ರಯೋಜನವಿಲ್ಲದೆ ಜೀವಗಳಿಗೆ ನೋವುಂಟುಮಾಡುವ ಕ್ರಿಯೆಯೇ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದರ ಐದು ಭೇದಗಳನ್ನು ಹೇಳಿದ್ದಾರೆ. ಅವುಗಳಲ್ಲೊಂದು ಪ್ರಮಾದಚರ್ಯೆ: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕದಡುವುದು, ಗಿಡಬಳ್ಳಿಗಳನ್ನು ಕಡಿಯುವುದು. ಇಲ್ಲಿ ನಷ್ಟ ಚೆಲ್ಲಿದವನದಲ್ಲ, ಜಲಕಾಯಿಕ ಜೀವಗಳದು. ಹೊಳೆ ತುಂಬಿದೆಯೆಂದು ಅವುಗಳ ನೋವು ಕಡಿಮೆಯಾಗದು.

ಇನ್ನೂ ಒಂದು ಸೂಕ್ಷ್ಮವಿದೆ. ಇಂಗ್ಲಿಷ್ ನಾಣ್ಣುಡಿಯು ಕೂಡಿಡುವುದನ್ನು ಮೆಚ್ಚುತ್ತದೆ. ಎಷ್ಟು ಕೂಡಿಡಬೇಕೆಂದು ಹೇಳುವುದಿಲ್ಲ. ತತ್ತ್ವಾರ್ಥಸೂತ್ರವಾದರೋ ಅಗತ್ಯಕ್ಕಿಂತ ಹೆಚ್ಚು ಭೋಗವಸ್ತುಗಳನ್ನು ಸೇರಿಸುವುದನ್ನೂ ಇದೇ ವ್ರತದ ಅತಿಚಾರವೆಂದು ಎಣಿಸಿದೆ. ಚೆಲ್ಲುವುದೂ ದೋಷ, ಮಿತಿಮೀರಿ ಸೇರಿಸುವುದೂ ದೋಷ.

ನೀರನ್ನು ಸೋಸಿ, ಸೋಸಿದ ಬಟ್ಟೆಯ ಜೀವಗಳನ್ನು ಅದೇ ಜಲಮೂಲಕ್ಕೆ ಹಿಂದಿರುಗಿಸುತ್ತಿದ್ದ ಹಿರಿಯರು ಈ ವಿವೇಕವನ್ನು ಅಡುಗೆಮನೆಯಲ್ಲಿಯೇ ಆಚರಿಸಿದರು. ಉತ್ಸವದ ಸಾಮೂಹಿಕ ಭೋಜನದಲ್ಲಿ ಎಲೆಯ ಮೇಲೆ ಉಳಿಯುವ ಅನ್ನವನ್ನೂ, ಬಸದಿಯ ಅಂಗಳದಲ್ಲಿ ತೆರೆದೇ ಉಳಿಯುವ ನಲ್ಲಿಯನ್ನೂ ಈ ದೃಷ್ಟಿಯಿಂದ ನೋಡುವುದು ಮನೆಯ ಯಜಮಾನನಿಗೂ ಧರ್ಮದರ್ಶಿಗಳಿಗೂ ಸಮಾನವಾದ ಕರ್ತವ್ಯ. ಕೊರತೆಗೆ ಅಂಜಿ ಉಳಿಸಿದ್ದು ಜಾಣತನ. ಜೀವಕ್ಕೆ ಅಂಜಿ ಉಳಿಸಿದ್ದು ಧರ್ಮ.